ಮಡಿ ಕೋಣೆಯ ಎ.ಸಿ.

ಮುಕ್ಕಾಲು ಗಂಟೆಯೊಳಗೆ ಒಂದು ಎ.ಸಿ.ಯನ್ನು ಬಚ್ಚಿಡುವುದು ಹೇಗೆ?

ಫ್ರಿಜ್ ಆಗಿದ್ದರೆ ಪಕ್ಕದ ಮನೆಗೆ ತಳ್ಳಬಹುದು. ಹೊಸ ಸೀರೆಯಾದರೆ ಟ್ರಂಕಿನ ತಳ ಇದ್ದೇ ಇದೆ. ಆದರೆ ಗೋಡೆ ಕಚ್ಚಿಕೊಂಡು ಕುಳಿತ ಎ.ಸಿ.ಯನ್ನು ಏನು ಮಾಡುತ್ತೀರಿ? ಹೋದ ಮೇ ತಿಂಗಳ ಒಂದು ಮಧ್ಯಾಹ್ನ, ಆದವಾನಿಯ ನಮ್ಮ ಮನೆಯಲ್ಲಿ ನಾನು, ಮಗ ಶ್ರೀಧರ, ಸೊಸೆ ವೀಣಾ, ಮೂವರೂ ಬೆಡ್‌ರೂಮಿನಲ್ಲಿ ಕತ್ತೆತ್ತಿ ಗೋಡೆ ನೋಡುತ್ತಾ ನಿಂತಿದ್ದೆವು. ಒಳ್ಳೆ ಮನೆತನದ ಕಳ್ಳರ ಹಾಗೆ.

ಕಾರಣ, ಒಂದು ಫೋನು. ನನ್ನ ನಾದಿನಿ ಕಮಲಾ ಬಸ್ಸಿನಿಂದ ಮಾಡಿದ್ದಳು. ಮಾಧವರಂ ಬಿಟ್ಟಾಗಿದೆ, ಆದವಾನಿಯ ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಎರಡು ದಿನ ಇರುತ್ತಾಳೆ, ಬಸ್ಸು ಆಗಲೇ ಪೆದ್ದತುಂಬಳಂ ದಾಟಿತು.

ನಾದಿನಿ ಬಂದರೆ ಎ.ಸಿ. ಯಾಕೆ ಬಚ್ಚಿಡಬೇಕು ಅಂತೀರಾ? ಹೇಳುತ್ತೇನೆ. ನಾಚಿಕೆಯ ವಿಷಯವೇ. ಆದರೆ ನನ್ನ ಮಂಡಿ ನೋವಿನಿಂದ ಹಿಡಿದು ಹಲ್ಲು ಸೆಟ್ಟಿನವರೆಗೆ ಎಲ್ಲವನ್ನೂ ಈ ಅಂಕಣದಲ್ಲಿ ನಿಮ್ಮ ಮುಂದೆ ಹೇಳಿಕೊಂಡವಳು, ಇದೊಂದನ್ನು ನುಂಗಿಕೊಂಡರೆ ಫೇರ್ ಅಲ್ಲ.

ಎರಡು ವರ್ಷದ ಹಿಂದೆ ನಾವು ಬಾಡಿಗೆಗಿದ್ದ ಈ ಮನೆಯನ್ನು ಓನರ್ ಮಾರಲು ಹೊರಟರು. ನಾನು ಸೊಸೆಯಾಗಿ ಕಾಲಿಟ್ಟ ಮನೆ, ನಮ್ಮವರು ಕೊನೆಯುಸಿರೆಳೆದ ಮನೆ. ಬಿಟ್ಟು ಎಲ್ಲಿಗೆ ಹೋಗುವುದು? ಕೊಂಡುಬಿಟ್ಟೆವು. ಬ್ಯಾಂಕು ಕೊಟ್ಟಷ್ಟು ಕೊಟ್ಟಿತು. ಕಡಿಮೆ ಬಿದ್ದ ಎರಡು ಲಕ್ಷವನ್ನು ನಾನೇ ಬಾಯಿಬಿಟ್ಟು ಕಮಲಾಳ ಹತ್ತಿರ ಕೇಳಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಎರಡು ಮಾತಾಡದೆ ಫಿಕ್ಸೆಡ್ ಡಿಪಾಸಿಟ್ ಮುರಿಸಿ ಕೈಗಡ ಕೊಟ್ಟಳು. ಕಾಗದವಿಲ್ಲ, ಬಡ್ಡಿಯಿಲ್ಲ. ತಿಂಗಳಿಗೆ ಮೂರು ಸಾವಿರ ಹಾಕುತ್ತಾ ಹೋಗಿ, ಸಾಕು ಅಂದಳು.

ಬ್ಯಾಂಕಿನ ಸಾಲಕ್ಕೂ ಬಳಗದವರ ಸಾಲಕ್ಕೂ ಇರುವ ವ್ಯತ್ಯಾಸ ಏನು ಗೊತ್ತಾ? ಬ್ಯಾಂಕ್ ಮ್ಯಾನೇಜರು ನಿಮ್ಮ ಊಟದ ತಟ್ಟೆಗೆ ಇಣುಕುವುದಿಲ್ಲ. ಬಳಗದವರೂ ಇಣುಕುವುದಿಲ್ಲ, ಪಾಪ. ಆದರೆ ಇಣುಕುತ್ತಿದ್ದಾರೆ ಅಂತ ನಮಗೆ ಅನ್ನಿಸುತ್ತಿರುತ್ತದೆ. ಮೊಮ್ಮಗಳು ಸಿಂಧುವಿನ ಹುಟ್ಟುಹಬ್ಬದ ಫ್ರಾಕನ್ನು ಅವಳ ಸೋದರಮಾವನ ಗಿಫ್ಟ್ ಅಂತ ಕಮಲಾಳಿಗೆ ಹೇಳಿದ್ದೆವು. ಹೋಟೆಲಿನಲ್ಲಿ ಉಗ್ಗಾಣಿ-ಬಜ್ಜಿ ತಿಂದರೆ ಫೋಟೋ ತೆಗೆಯಬಹುದು, ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಬಾರದು. (ಇದು ಮನೆಯ ಕಾನೂನು. ಮಾಡಿದವಳು ನಾನೇ.) ಬಡ್ಡಿಯಿಲ್ಲದ ಸಾಲ ಅಂತ ಹೆಸರು, ಈ ಸಣ್ಣ ಸಣ್ಣ ಸುಳ್ಳುಗಳನ್ನು ಬಡ್ಡಿಯ ಹಾಗೆ ತಿಂಗಳು ತಿಂಗಳು ಕಟ್ಟುತ್ತಿದ್ದೆವು.

ಹಾಗಂತ ನಾವು ದುಂದು ಮಾಡುವವರಲ್ಲ. ಖಜಾನೆ ವೀಣಾಳ ಕೈಯಲ್ಲಿದೆ, ಮತ್ತು ಅವಳ ಕೈ ಗಟ್ಟಿ. ಐದನೇ ತಾರೀಖು ಬ್ಯಾಂಕಿಗೆ, ಕಮಲಾಳಿಗೆ ಹೋಗುವುದು ಹೋದ ಮೇಲೆ ಉಳಿದದ್ದರಲ್ಲಿ ಹಾಲು, ಕಿರಾಣಿ, ಸ್ಕೂಲು. ಭಾನುವಾರಕ್ಕೆ ಇನ್ನೂರು ರೂಪಾಯಿ ಟ್ರೀಟ್. ಬಜ್ಜಿಯೋ, ಐಸ್‌ಕ್ರೀಮೋ, ಯಾವುದಾದರೂ ಒಂದು. ಎರಡೂ ಕೇಳಿದರೆ ವೀಣಾ ಕನ್ನಡಕದ ಮೇಲಿಂದ ನೋಡುತ್ತಾಳೆ, ಅಷ್ಟೇ. ಇನ್ನೂರು ಸಣ್ಣ ದುಡ್ಡು ಅಂತೀರಾ? ಆ ಇನ್ನೂರು ಇಲ್ಲದಿದ್ದರೆ ಉಳಿದ ಆರು ದಿನದ ಬರೀ ಸಾರು-ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಸಾಲ ತೀರಿಸುವ ಮನೆಯಲ್ಲಿ ಟ್ರೀಟ್ ಅನ್ನುವುದು ಲಕ್ಷುರಿ ಅಲ್ಲ, ಗಾಡಿಗೆ ಹಾಕುವ ಆಯಿಲ್.

ಎ.ಸಿ. ಬೇಕು ಅಂದವಳು ನಾನು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಸಿಂಧುವಿನ ಮೈಮೇಲೆ ಬೆವರುಸಾಲೆ ಎದ್ದಿತ್ತು ನಿಜ, ಆದರೆ ಅದನ್ನು ಮುಂದೆ ಮಾಡಿ ಬೇಡಿಕೆ ಇಟ್ಟವಳು ನಾನು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದುವಾಗ ಮಧ್ಯಾಹ್ನದ ನೀಡಲ್‌ವರ್ಕ್ ಕ್ಲಾಸು ಕಲ್ಲಿನ ವೆರಾಂಡಾದಲ್ಲಿ. ಎತ್ತರದ ಸೀಲಿಂಗ್, ಒದ್ದೆ ಮಾಡಿದ ಲಾವಂಚದ ಪರದೆ, ಅದರೊಳಗಿಂದ ಬರುವ ಗಾಳಿ. ಅರವತ್ತು ವರ್ಷ ಕಳೆದರೂ ಆ ತಂಪು ಬೆನ್ನಿಗೆ ನೆನಪಿದೆ. ಸಾಯುವುದರೊಳಗೆ ಒಂದು ಬೇಸಿಗೆಯನ್ನು ಹಾಗೆ ಕಳೆಯಬೇಕು ಅನ್ನಿಸುತ್ತಿತ್ತು. ಇದನ್ನು ಮಗನಿಗೆ ಹೇಳುವುದಕ್ಕಾಗುತ್ತದಾ? ಅದಕ್ಕೇ ಬೆವರುಸಾಲೆ.

ಮನೆಯಲ್ಲಿ ಮೀಟಿಂಗ್ ಆಯಿತು. ಮೂವತ್ತು ಭಾನುವಾರ ಬಜ್ಜಿ ಬಿಟ್ಟೆವು. ಆರು ಸಾವಿರ ಕೂಡಿತು. ಮೆಕ್ಯಾನಿಕ್ ಮಸ್ತಾನ್ ಸೆಕೆಂಡ್ ಹ್ಯಾಂಡ್ ಎ.ಸಿ. ತೋರಿಸಿ, "ಗ್ಯಾಸ್ ಫುಲ್ ಐತ್ರಿ ಅಮ್ಮಾ, ಫಿಟ್ಟಿಂಗ್ ಸೇರಿ ಹದಿನೈದು. ಭಯಪಡಕಂಡಿ" ಎಂದು ಕನ್ನಡದಲ್ಲಿ ಶುರು ಮಾಡಿ, ಹೆದರಬೇಡಿ ಅಂತ ತೆಲುಗಿನಲ್ಲಿ ಮುಗಿಸಿದ. ಉಳಿದ ಒಂಬತ್ತು ಸಾವಿರವನ್ನು ಮೂರು ತಿಂಗಳಲ್ಲಿ ಕೊಟ್ಟರೆ ಸಾಕಂತೆ. ಅದನ್ನಾದರೂ ಎಲ್ಲಿಂದ ತರುವುದು?

ಒಂಬತ್ತು ಸಾವಿರ ಅಂದರೆ ಮೂರು ಮೂರಲ ಒಂಬತ್ತು. ನಾನೇ ಕಮಲಾಳಿಗೆ ಫೋನ್ ಮಾಡಿದೆ. ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮು, ಈ ಸಲ ಭಾಳ ಟೈಟ್ ಆಗಿದೆ ಕಮಲಾ, ಮೂರು ತಿಂಗಳು ತಡೆದುಕೊಳ್ಳಲು ಆಗುತ್ತದಾ ಅಂದೆ. ಆಗಲಿ ವೈನಿ, ಅದಕ್ಯಾಕೆ ಇಷ್ಟು ಹೇಳ್ತೀರಿ ಅಂದಳು. ಮಾರನೇ ವಾರ ನಮ್ಮ ಗೋಡೆಯ ಮೇಲೆ ಎ.ಸಿ.

ಮಾರಲ್ ಸೈನ್ಸಿನಲ್ಲಿ ನನಗೆ ಪ್ರತಿ ವರ್ಷ ಫಸ್ಟ್ ಪ್ರೈಜ್ ಬರುತ್ತಿತ್ತು.

ಈಗ ಆ ಮಧ್ಯಾಹ್ನಕ್ಕೆ ಬರೋಣ. ಔಟ್‌ಡೋರ್ ಯೂನಿಟ್ಟಿನ ಚಿಂತೆ ಇರಲಿಲ್ಲ. ಅದು ಮಾಳಿಗೆಯ ಮೇಲೆ, ಕಮಲಾಳ ಮಂಡಿ ಅಲ್ಲಿಗೆ ಹತ್ತುವುದಿಲ್ಲ. ಒಳಗಿನದಕ್ಕೆ ವೀಣಾ ಕ್ಯಾಲೆಂಡರ್ ಹಿಡಿದು ನೋಡಿದಳು, ಸಾಲಲಿಲ್ಲ. ಕೋಣೆಗೆ ಬೀಗ ಹಾಕಿ ಕೀಲಿ ಕಳೆದಿದೆ ಅನ್ನೋಣ ಅಂದ ಶ್ರೀಧರ. ಎರಡು ದಿನ ನಿಮ್ಮ ಬಟ್ಟೆಗೆ ಏನು ಮಾಡುತ್ತೀರಿ ಅಂತ ವೀಣಾ ಕೇಳಿದಳು. ಆಗ ನನ್ನ ತಲೆ ಓಡಿತು ನೋಡಿ.

ಮಡಿ!

ಮಡಿ ಸೀರೆ ಒಣಗುವ ಕೋಣೆಗೆ ಮೈಲಿಗೆಯಲ್ಲಿರುವವರು ಕಾಲಿಡುವಂತಿಲ್ಲ. ಯಾಕೆ ಎಂದು ಕೇಳುವಂತೆಯೂ ಇಲ್ಲ. ನಮ್ಮ ಅತ್ತೆಯವರ ಕಾಲದ ಒಂಬತ್ತು ಗಜದ ಸೀರೆಯನ್ನು ನಾನು ತಿಥಿಯ ದಿನ ಬಿಟ್ಟರೆ ಹೊರಗೆ ತೆಗೆಯುವವಳಲ್ಲ. ಅದನ್ನು ನೆನೆಸಿ, ಎ.ಸಿ.ಯ ಎದುರಿಗೇ ಹಗ್ಗ ಕಟ್ಟಿಸಿ, ಕೋಲಿನಿಂದ ಹರವಿದೆ. ಒಂಬತ್ತು ಗಜ ಅಂದರೆ ಸುಮ್ಮನೇನಾ? ಎ.ಸಿ. ಏನು, ಬೀರುವೂ ಅರ್ಧ ಮರೆಯಾಯಿತು. ಬೀಗವಿಲ್ಲದ ಬೀಗ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಕಮಲಾ ಬಂದಳು. ಕೋಣೆಯ ಬಾಗಿಲಲ್ಲೇ ನಿಂತು ಆ ಸೀರೆ ನೋಡಿದಳು. ಕಾನ್ವೆಂಟ್ ವೈನಿಗೆ ಕಡೆಗೂ ದೇವರು ಬುದ್ಧಿ ಕೊಟ್ಟ ಅಂತ ಶ್ರೀಧರನಿಗೆ ಹೇಳಿ ಸಂತೋಷಪಟ್ಟಳು. ಆ ಸಂತೋಷದಲ್ಲೇ ಕೈಚೀಲದಿಂದ ತನ್ನ ಮಡಿ ಸೀರೆ ತೆಗೆದಳು. ತಾನೂ ಅಲ್ಲೇ ಹರವುತ್ತಾಳಂತೆ.

ನಾನು ಓಡಿದೆ. ನೀನು ದಣಿದು ಬಂದಿದ್ದೀಯ, ನಾನೇ ಹಾಕುತ್ತೇನೆ ಅಂದೆ. ಅದಕ್ಕೋಸ್ಕರ ಆ ದಿನ ಎರಡನೇ ಸಲ ತಲೆಗೆ ಸ್ನಾನ ಮಾಡಿದೆ, ಈ ವಯಸ್ಸಿನಲ್ಲಿ! ಸಿಂಧುವಿನ ಬಾಯಿ ಮುಚ್ಚಿಸಲು ಒಂದು ಕೋನ್ ಐಸ್‌ಕ್ರೀಮ್ ಖರ್ಚಾಯಿತು. (ಟ್ರೀಟ್ ಬಜೆಟ್ಟಿನ ಹೊರಗೆ.)

ರಾತ್ರಿ ಎಲ್ಲರೂ ಹಾಲಿನಲ್ಲಿ ಸಾಲಾಗಿ ಮಲಗಿದೆವು. ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿತ್ತು. ಕಮಲಾ ಮಾತ್ರ ಇಲ್ಲಿ ಎಷ್ಟೋ ಆರಾಮ ಅನ್ನುತ್ತಿದ್ದಳು. ಮಾಧವರಂನಲ್ಲಿ ಅವಳದು ಬಂಡೆ ಹಾಸಿದ ಮಾಳಿಗೆ. ಹಗಲೆಲ್ಲ ಕಾದ ಬಂಡೆ ರಾತ್ರಿಯೆಲ್ಲ ಕೆಳಗೆ ಉಗುಳುತ್ತದೆ. ಒದ್ದೆ ಟವೆಲ್ ಹೊದ್ದು ಮಲಗುತ್ತಾಳಂತೆ, ಅದು ಒಣಗಿದಾಗ ಎಚ್ಚರ, ಮತ್ತೆ ಅದ್ದಿ ಮತ್ತೆ ನಿದ್ದೆ. ಒಂದು ರಾತ್ರಿಗೆ ನಾಲ್ಕು ಸಲ, ಲೆಕ್ಕ ಇಟ್ಟಿದ್ದೇನೆ ಅಂತ ನಕ್ಕಳು. ವೀಣಾ ಆ ಕಡೆ ತಿರುಗಿ ಮಲಗಿದಳು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ.

ನನ್ನ ಮಾಸ್ಟರ್ ಪ್ಲಾನಿನಲ್ಲಿ ಒಂದು ಸಣ್ಣ ತಪ್ಪಿತ್ತು. ನಿಮಗೆ ಆಗಲೇ ಗೊತ್ತಾಗಿರಬಹುದು. ಮಡಿಯ ಕೋಣೆಗೆ ಯಾರೂ ಹೋಗುವಂತಿಲ್ಲ, ಸರಿ. ಮಡಿಯಲ್ಲಿರುವವರು?

ಬೆಳಗ್ಗೆ ನಾನು ಏಳುವುದರೊಳಗೆ ಕಮಲಾಳ ಸ್ನಾನ ಮುಗಿದಿತ್ತು. ಒದ್ದೆ ಬಟ್ಟೆಯಲ್ಲೇ ನೇರ ಒಳಗೆ ಹೋಗಿ, ಕೋಲು ಹಾಕಿ ತನ್ನ ಸೀರೆ ಎಳೆದಿದ್ದಾಳೆ. ನನ್ನದೂ ಅದರ ಜೊತೆಗೆ ಬಂದಿದೆ. ನಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವಳು ಸೀರೆ ಉಟ್ಟು, ಮೂರು ಸ್ಟಾರಿನ ಸ್ಟಿಕ್ಕರನ್ನು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಓದುತ್ತಿದ್ದಳು.

"ವೈನಿ, ಮಡಿ ಸೀರಿ ಒಣಗಸ್ಲಿಕ್ಕೆ ಹೊಸಾ ಮಷೀನ್ ಬಂದದೇನ್ರಿ?"

ಕಾನ್ವೆಂಟಿನಲ್ಲಿ ಕನ್ವರ್ಸೇಷನ್ ಪ್ರೈಜ್ ಕೂಡ ಬಂದಿತ್ತು ನನಗೆ. ಈಗ ಕೆಳಗೆ ಬಿದ್ದ ನನ್ನ ಸೀರೆಯನ್ನು, ಸ್ನಾನವಿಲ್ಲದ ಕೈಯಲ್ಲೇ, ಮಡಿಸುತ್ತಾ ನಿಂತೆ.

ಅವಳು ಪೂಜೆ ಮುಗಿಸಿದಳು. ತುಳಸಿಗೆ ನೀರು ಹಾಕಿದಳು. ನಾವು ಮೂವರು ಅಡುಗೆಮನೆಯಲ್ಲಿ ಫಲಿತಾಂಶಕ್ಕೆ ಕಾಯುವ ಹುಡುಗರ ಹಾಗೆ ನಿಂತಿದ್ದೆವು. ಕಾಫಿಗೆ ಕುಳಿತಾಗ ಅವಳು ಕೇಳಿದ್ದು ರೇಟು ಒಂದೇ. ಹದಿನೈದು ಅಂದ ಶ್ರೀಧರ, ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. ಮೂವತ್ತು ಭಾನುವಾರ, ಆರು ಸಾವಿರ, ಅವಳ ಮೂರು ಕಂತು. ಇವತ್ತೇ ಮಸ್ತಾನನಿಗೆ ವಾಪಸ್ ಕೊಟ್ಟು ನಿನ್ನ ರೊಕ್ಕ ಹಾಕುತ್ತೇನೆ ಅತ್ಯಾ ಅಂದ. ಅವನ ಕಣ್ಣು ತುಂಬಿತ್ತು.

ಗಣಿತದ ಟೀಚರ್ ಕಾಫಿ ಲೋಟ ಕೆಳಗಿಟ್ಟಳು. "ಹದಿನೈದರಾಗ ಒಂಬತ್ತು. ಅಂದ್ರ ಐದರಾಗ ಮೂರು ಪಾಲು ನಂದು. ನನ್ನ ಕೇಳದ ಹೆಂಗ ವಾಪಸ್ ಕೊಡ್ತಿ? ಇವತ್ತು ನಾ ಅಲ್ಲೇ ಮಲಗಾಕಿ."

ಎಲ್ಲರೂ ನಕ್ಕೆವು. ವೀಣಾ ಅಳುತ್ತಾ ನಕ್ಕಳು. ಅಲ್ಲಿಗೆ ಮುಗಿದಿದ್ದರೆ ಇದೊಂದು ತಮಾಷೆಯ ಕಥೆಯಾಗಿ, ನಾನು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಲೋಟ ತೊಳೆಯುತ್ತಾ ಕಮಲಾ ಇನ್ನೊಂದು ಮಾತು ಹೇಳಿದಳು. ಕೊಂಕಿರಲಿಲ್ಲ, ಅದೇ ಕಷ್ಟ. ಸೆಕೆಂಡ್ ಹ್ಯಾಂಡಿನಲ್ಲಿ ಇಷ್ಟಕ್ಕೆ ಸಿಗುತ್ತದೆ ಅಂತ ಗೊತ್ತಿರಲಿಲ್ಲವಂತೆ. ಹೋದ ಬೇಸಿಗೆಯಲ್ಲೇ ಒಂದು ಕೂಲರ್ ನೋಡಿ ಬಂದಿದ್ದಳಂತೆ. ನಮ್ಮ ಕಂತು ಇನ್ನಷ್ಟು ಕೂಡಲಿ, ಆಮೇಲೆ ತಂದರಾಯಿತು ಅಂದುಕೊಂಡು ಸುಮ್ಮನಾದಳಂತೆ.

ಅಂದರೆ ಲೆಕ್ಕ ಏನಾಯಿತು? ನಾವು ನಮ್ಮ ಬಜ್ಜಿ ಬಿಟ್ಟು ತ್ಯಾಗ ಮಾಡಿದೆವು ಅಂತ ಬೀಗುತ್ತಿದ್ದೆವಲ್ಲ, ಇನ್ನೊಂದು ತ್ಯಾಗ ಮಾಧವರಂನಲ್ಲಿ ಒದ್ದೆ ಟವೆಲ್ ಹೊದ್ದು ಮಲಗಿತ್ತು. ಸಾಲ ಕೊಟ್ಟವರಿಗೂ ಭಾನುವಾರ ಬರುತ್ತದೆ, ಅವರಿಗೂ ಆಸೆ ಇರುತ್ತದೆ ಅನ್ನುವುದು ಸಾಲ ತೀರಿಸುವವರಿಗೆ ಹೊಳೆಯುವುದೇ ಇಲ್ಲ. ನಮ್ಮ ಕಣ್ಣಿಗೆ ಅವರು ಐದನೇ ತಾರೀಖು ಮಾತ್ರ.

ಎರಡು ದಿನಕ್ಕೆ ಬಂದವಳನ್ನು ಹನ್ನೊಂದು ದಿನ ಇರಿಸಿಕೊಂಡೆವು. ಕಣ್ಣಿನ ಡಾಕ್ಟರು ಹೊಸ ಕನ್ನಡಕ ಬರೆದುಕೊಟ್ಟರು. ರಾತ್ರಿ ಅವಳೂ ನಾನೂ ಎ.ಸಿ. ಕೆಳಗೆ ಒಂದೇ ರಗ್ಗು ಎಳೆದಾಡಿಕೊಂಡು ಮಲಗಿದೆವು. ಕಾನ್ವೆಂಟಿನ ವೆರಾಂಡಾದ ಸುದ್ದಿಯನ್ನು ನಾನು ಮೊದಲ ಸಲ ಹೇಳಿದ್ದು ಅವಳಿಗೆ. ಮದುವೆಯಾಗಿ ಬಂದ ಹೊಸದರಲ್ಲೇ ಹೇಳಬಹುದಿತ್ತು. ಯಾಕೋ ಹೇಳಿರಲಿಲ್ಲ.

ಹನ್ನೊಂದನೇ ದಿನದ ಹೊತ್ತಿಗೆ ವೀಣಾ ಇದಕ್ಕೊಂದು ದಾರಿ ಹುಡುಕಿದ್ದಳು. ಅವಳು ಕಲಿಸುವ ಸ್ಕೂಲಿನ ಬೇಸಿಗೆ ಟ್ಯೂಷನ್ ದುಡ್ಡು ಬಂದಿತ್ತು. ಅದರಲ್ಲಿ ಒಂದು ಕೂಲರ್ ಕೊಂಡು ಕಮಲಾಳ ಬಸ್ಸಿಗೇ ಹೇರಿಸಿದಳು. ಇದನ್ನು ಕಂತಿನಲ್ಲಿ ಮುರಿದುಕೊಳ್ಳಬೇಡಿ ಅಂತ ವೀಣಾ, ಮುರಿದುಕೊಳ್ಳಲೇಬೇಕು ಅಂತ ಕಮಲಾ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುವವರೆಗೂ ಜಗಳ.

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಕ್ಷಮಿಸು ಅನ್ನುವ ಮಾತು ಇಂಗ್ಲಿಷಿನಲ್ಲಿ ಎಷ್ಟು ಸುಲಭ! ಐದು ಸಲ ಸಾರಿ ಅಂದೆ. ಅವಳು ಹೊಸ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದಳು.

"ವೈನಿ, ಇನ್ನೊಮ್ಮೆ ಫೋನ್ ಮಾಡಿದ್ರ ಫೀಸು, ಪುಸ್ತಕ ಅನಬ್ಯಾಡ್ರಿ. ನನಗ ಸೆಕಿ ಆಗ್ಲಿಕ್ಕತ್ತದ ಕಮಲಾ ಅನ್ರಿ. ನಾ ಬ್ಯಾಡ ಅಂತಿದ್ನೇನು?"

ಬಸ್ಸು ಹೊರಟಿತು. ಬಿಸಿಲಲ್ಲಿ ಮನೆಗೆ ನಡೆದು ಬರುತ್ತಾ ಇದೊಂದೇ ಯೋಚನೆ: ಎರಡು ಲಕ್ಷ ಕೇಳುವಾಗ ಅಳುಕದ ನನ್ನ ನಾಲಿಗೆ, ನನಗೆ ಸೆಕೆ ಅನ್ನಲು ಯಾಕೆ ಅಷ್ಟು ಹೆದರಿತು?