ಚೆಂಡಿನಮ್ಮ ಬರೆಸಿದ ಕಾರ್ಡು

ಮೊನ್ನೆ ನಮ್ಮ ಬೀದಿಯ ಮೂಲೆಯಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವವರು ಮೂರು ಕಲ್ಲಿಟ್ಟು, ಡಬ್ಬದಲ್ಲಿ ಮೈದಾ ಅಂಟು ಕಾಯಿಸುತ್ತಿದ್ದರು. ಹಿಟ್ಟು ಬೇಯುವ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ತರಕಾರಿ ಚೀಲದ ಸಮೇತ ಹಾಗೇ ನಿಂತುಬಿಟ್ಟೆ. ನಲವತ್ತು ವರ್ಷಕ್ಕೂ ಹಿಂದಿನ ಸಿಟ್ಟು ಇಷ್ಟು ದಿನ ಎಲ್ಲಿ ಅಡಗಿ ಕೂತಿತ್ತೋ, ಕಾದ ಹಾಲಿನಂತೆ ಉಕ್ಕಿ ಬಂತು. ಇಂಥದೇ ಅಂಟನ್ನು ದಿನಾ ಬೆಳಿಗ್ಗೆ ಬೇಕಾದಷ್ಟೇ ಕಾಯಿಸಿಕೊಳ್ಳುತ್ತಿದ್ದ ಒಬ್ಬರು ನಮ್ಮ ಎದುರು ಮನೆಯಲ್ಲಿದ್ದರು. ಉಳಿಸಿದರೆ ಇರುವೆ ಮುತ್ತಿ ಸಾಯುತ್ತವಲ್ಲ ಅಂತ ಅವರಿಗೆ ಸಂಕಟ.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಅರಸೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರು. ಸ್ಟೇಷನ್ನಿನ ಹತ್ತಿರದ ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎದುರು ಮನೆಯ ಜಗುಲಿಯಲ್ಲಿ ಬೆಳಗಾದರೆ ಹಳದಿ ಉಣ್ಣೆಯ ಲಡಿಗಳು ಹರಡಿಕೊಳ್ಳುತ್ತಿದ್ದವು. ಅವುಗಳ ನಡುವೆ ಬಿಳಿ ಸೀರೆಯ, ಐವತ್ತು ದಾಟಿದ ಒಬ್ಬ ಹೆಂಗಸು ಕಾಲು ಚಾಚಿ ಕೂತು ಬಾಲ್ ಬ್ಯಾಡ್ಮಿಂಟನ್ ಚೆಂಡು ಸುತ್ತುತ್ತಿದ್ದರು. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಚೆಂಡಿನಮ್ಮ ಅಂತ. ಹುಲಿಕೆರೆಯಲ್ಲಿ ಹುಟ್ಟಿ, ಹಳೇಬೀಡಿನ ಬಸದಿಯ ಪಕ್ಕದ ಮನೆಯೊಂದಕ್ಕೆ ಸೊಸೆಯಾಗಿ, ಗಂಡನ ಜೊತೆ ಅರಸೀಕೆರೆಗೆ ಬಂದವರು. ಜೈನರು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ದೀಪಕ್ಕೆ ಹುಳ ಬಂದು ಬೀಳುತ್ತವೆಂದು ಕತ್ತಲಾದ ಮೇಲೆ ಕೆಲಸವೂ ಇಲ್ಲ. ರ‍್ಯಾಕೆಟ್ಟಿಗೆ ಕುರಿ ಕರುಳಿನ ಗಟ್ ಹಾಕಿಕೊಡಿ ಎಂದು ಯಾರಾದರೂ ಬಂದರೆ ಜಗುಲಿ ಹತ್ತಲೂ ಬಿಡುತ್ತಿರಲಿಲ್ಲ. ಹಾಗಾದರೆ ಉಣ್ಣೆ ಮಾತ್ರ ಆಗುತ್ತದೋ ಎಂದು ನಾನೊಮ್ಮೆ ಕೆಣಕಿದ್ದೆ. ಉಣ್ಣೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ, ಕರುಳು ಬೆಳೆಯುತ್ತದೋ ಎಂದು ಅವರು ತಿರುಗಿ ಕೇಳಿದರು.

ಆಗ ನಮ್ಮ ಕಡೆ ಸಂಜೆಯಾದರೆ ಬಾಲ್ ಬ್ಯಾಡ್ಮಿಂಟನ್ನೇ. ತಾಲ್ಲೂಕು ಕಚೇರಿಯ ಗುಮಾಸ್ತರು, ಮೇಷ್ಟ್ರುಗಳು, ಕೊಬ್ಬರಿ ಮಂಡಿಯ ಸಾಹುಕಾರರು, ಎಲ್ಲರೂ ಪಂಚೆಯನ್ನೋ ಪ್ಯಾಂಟನ್ನೋ ಬಿಚ್ಚಿಟ್ಟು ಚಡ್ಡಿ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ಚೆಂಡಿನಮ್ಮನ ಯಜಮಾನರು ಅಲ್ಲಿ ಅಂಪೈರ್ ಆಗಿದ್ದವರಂತೆ. ಗೆಲ್ಲಲು ಇನ್ನೊಂದೇ ಪಾಯಿಂಟು ಉಳಿದಾಗ ಅಂಪೈರ್ 'ಗೇಮ್ ಬಾಲ್' ಎಂದು ಕೂಗುವುದು ರೂಢಿ. ಅವರು ಕೂಗಿದರೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನವರೆಗೂ ಕೇಳುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಈಕೆ ಹೊಟ್ಟೆಪಾಡಿಗೆ ಚೆಂಡು ಸುತ್ತಲು ಕೂತರು. ಆರು ಚೆಂಡಿನ ರಟ್ಟಿನ ಡಬ್ಬಿ, ಅದರ ಮೇಲೆ ಮೈದಾ ಅಂಟಿನಿಂದ ಅಂಟಿಸಿದ ಹಳದಿ ಚೀಟಿ, ಚೀಟಿಯಲ್ಲಿ ಎರಡೇ ಮಾತು: ಗೇಮ್ ಬಾಲ್. ಬೇರೆ ಹೆಸರು ಅವರಿಗೆ ಹೊಳೆದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೇಲೂರಿನ ಆಟದ ಸಾಮಾನಿನ ಅಂಗಡಿಗೆ, ಗಂಡಸಿಯ ಶಾಲೆಗೆ, ಹಳೇಬೀಡಿನ ಕ್ಲಬ್ಬಿಗೆ ಬಸ್ಸಿನ ಮೇಲೆ ಆ ಡಬ್ಬಿಗಳು ಹೋಗುತ್ತಿದ್ದವು. ಚೆಂಡು ಹೇಗೆ ಬಡಿದರೂ ನೂಲು ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಚೆಯವನು ಅವರಿಗೆ ರಿಜಿಸ್ಟರ್ಡ್ ಪತ್ರ ತಂದ. ಓದಿ ಹೇಳಿದವಳು ನಾನೇ. ಉತ್ತರದ ಕಡೆಯ ಒಂದು ದೊಡ್ಡ ಕಂಪನಿ. ಹೆಸರು ಹೇಳಿ ಅದಕ್ಕೆ ಪುಕ್ಕಟೆ ಪ್ರಚಾರ ಕೊಡುವ ಇಷ್ಟ ನನಗಿಲ್ಲ. 'ಗೇಮ್ ಬಾಲ್' ಎನ್ನುವುದು ತಮ್ಮ ಚೆಂಡಿನ ವ್ಯಾಪಾರ ಮುದ್ರೆ, ಅದನ್ನು ನೋಂದಾಯಿಸಲು ಅರ್ಜಿ ಹಾಕಿದ್ದೇವೆ, ನೀವು ಅದನ್ನು ಕದ್ದು ಬಳಸುತ್ತಿದ್ದೀರಿ, ಕೂಡಲೇ ನಿಲ್ಲಿಸಿ, ಇಲ್ಲವಾದರೆ ತಮ್ಮೂರಿನ ಕೋರ್ಟಿಗೆ ಬರಬೇಕಾದೀತು ಎಂದು ಅವರ ವಕೀಲರು ಬರೆದಿದ್ದರು. ಕದ್ದು! ದಾರಿಯಲ್ಲಿ ಸಿಕ್ಕ ಉಣ್ಣೆಯ ಎಳೆಯನ್ನೂ ಯಾರದೆಂದು ಕೇಳದೆ ಮುಟ್ಟದ ಹೆಂಗಸಿಗೆ ಕಳ್ಳಿಯೆಂದು ಬರೆದಿದ್ದರು. ಆ ಪದವನ್ನು ಇಂಗ್ಲಿಷಿನಲ್ಲಿ ಓದಿಕೊಂಡ ನಾನು ಕನ್ನಡದಲ್ಲಿ ಹೇಳುವಾಗ ನುಂಗಿಬಿಟ್ಟೆ.

ನನ್ನ ಮೈಯೆಲ್ಲ ಉರಿಯುತ್ತಿತ್ತು. ಊರ ಬಾವಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗಾಯಿತಲ್ಲ ಇದು! ಊರೂರಿನ ಅಂಪೈರುಗಳು ದಿನಾ ಸಂಜೆ ಕೂಗುವ ಮಾತು, ಸೋಲುವವನ ಎದೆ ಹೊಡೆದುಕೊಳ್ಳುವ ಮಾತು. ಅದನ್ನು ಯಾರೋ ಕಚೇರಿಯಲ್ಲಿ ಕೂತು ನಮ್ಮದು ಅನ್ನಬಹುದೇ? ಚೆಂಡಿನಮ್ಮನನ್ನು ಕರೆದುಕೊಂಡು ಕ್ಲಬ್ಬಿನಲ್ಲಿ ಆಡುತ್ತಿದ್ದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ನೋಟೀಸು ಓದಿ ನಕ್ಕುಬಿಟ್ಟರು.

"ಇದು ಯಾರಪ್ಪನ ಸ್ವತ್ತೂ ಅಲ್ಲ ಕಣ್ರೀ. ಇವತ್ತು ಇದು ನಮ್ದು ಅಂತಾರೆ, ನಾಳೆ ಔಟ್ ಅನ್ನೋದೂ ನಮ್ದೇ ಅಂತಾರೆ. ಆಗ ಆಟ ಆಡೋದು ಹೆಂಗೆ?"

ಎಲ್ಲರ ಬಾಯಲ್ಲಿರುವ ಮಾತನ್ನು ಒಬ್ಬರ ಮುದ್ರೆ ಮಾಡಿಕೊಳ್ಳಲು ಕಾನೂನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಮೇಲಾಗಿ ಈಕೆ ಅವರಿಗಿಂತ ಮೊದಲಿನಿಂದ ಬಳಸುತ್ತಿದ್ದಾರೆ, ಹೆದರಬೇಡಿ ಎಂದರು. ಸುತ್ತಲಿನ ಅಂಪೈರುಗಳಿಂದ ಈ ಮಾತು ತಾವು ಎಂದಿನಿಂದಲೋ ಕೂಗುತ್ತಿದ್ದೇವೆ ಎಂದು ಬರೆಸಿಕೊಂಡು ಬನ್ನಿ ಎಂದರು. ಕೊನೆಯಲ್ಲಿ ಬೆರಳೆತ್ತಿ ಒಂದು ಎಚ್ಚರಿಕೆಯನ್ನೂ ಕೊಟ್ಟರು. ತಮ್ಮನ್ನು ಕೇಳದೆ ಆ ಕಂಪನಿಗೆ ಒಂದಕ್ಷರವೂ ಬರೆಯಕೂಡದು ಎಂದು.

ಎರಡು ಭಾನುವಾರ ನಾನು ಬಸ್ಸು ಹತ್ತಿ ಇಳಿದೆ. ಗಂಡಸಿಯ ಡ್ರಿಲ್ ಮೇಷ್ಟ್ರು, ಬೇಲೂರಿನ ನಿವೃತ್ತ ಅಮಲ್ದಾರರು, ಹಳೇಬೀಡಿನಲ್ಲಿ ಆಟದ ದಿನ ಮಾತ್ರ ಟೋಪಿ ಹಾಕಿಕೊಳ್ಳುವ ಒಬ್ಬ ಅಕ್ಕಿ ವ್ಯಾಪಾರಿ, ಎಲ್ಲರೂ ಮರುಮಾತಿಲ್ಲದೆ ಬರೆದುಕೊಟ್ಟರು. ಅಮಲ್ದಾರರಂತೂ ಬರೆಯುವ ಮೊದಲು ಎದ್ದು ನಿಂತು ಒಮ್ಮೆ ಕೂಗಿಯೇ ತೋರಿಸಿದರು. ಒಳಗಿಂದ ಅವರ ಮನೆಯವರು ಗಾಬರಿಯಾಗಿ ಓಡಿ ಬಂದರು. ಅವನ್ನೆಲ್ಲ ಲಗತ್ತಿಸಿ ವಕೀಲರು ಕಂಪನಿಗೆ ಉತ್ತರ ಕಳಿಸಿದರು. ಆ ದಿನಗಳಲ್ಲಿ ನನಗೆ ಗೆದ್ದೇಬಿಟ್ಟೆವೆಂಬ ಹುಮ್ಮಸ್ಸು.

ಅಷ್ಟರಲ್ಲಿ ಭಾದ್ರಪದ ಬಂತು. ಜೈನರಿಗೆ ದಶಲಕ್ಷಣ ಪರ್ವದ ಹತ್ತು ದಿನ ಕಳೆದ ಮೇಲೆ ಕ್ಷಮಾವಣಿ. ಅವತ್ತು ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ನಮ್ಮಿಂದ ನಿಮಗೆ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾರೆ. ಕೇಳಿಸಿಕೊಂಡವರೂ ತಿರುಗಿ ಹಾಗೇ ಕೇಳುತ್ತಾರೆ. ದೂರದಲ್ಲಿರುವವರಿಗೆ ಕಾರ್ಡು ಬರೆಯುತ್ತಾರೆ. ಚೆಂಡಿನಮ್ಮ ಹಳೇಬೀಡಿನ ಬಸದಿಗೆ ಹೋಗಿ ಬಂದವರೇ ಒಂದು ಕಟ್ಟು ಕಾರ್ಡು ಹಿಡಿದು ನನ್ನ ಕೋಣೆಗೆ ಬಂದರು. ತವರಿಗೆ, ನಾದಿನಿಗೆ, ಬೇಲೂರಿನ ಅಂಗಡಿಯವರಿಗೆ... ಕಟ್ಟಿನ ಕೊನೆಯಲ್ಲಿ ಇನ್ನೊಂದು ಖಾಲಿ ಕಾರ್ಡಿತ್ತು. ಇದು ಆ ಕಂಪನಿಯವರಿಗೆ ಅಂದರು. ನಾನು ಬೆಚ್ಚಿಬಿದ್ದು, ಅವರಿಗೇಕೆ, ಅವರು ನಿಮ್ಮ ಮೇಲೆ ಹಲ್ಲು ಮಸೆಯುತ್ತಿದ್ದಾರಲ್ಲ ಎಂದೆ.

"ಮನಸ್ತಾಪ ಇರೋರ ಹತ್ರಾನೇ ಅಲ್ವೇನಮ್ಮ ಕೇಳೋದು? ಇಲ್ದೇ ಇರೋರ ಹತ್ರ ಕೇಳಿ ಏನ್ ಬಂತು?"

ಆ ಮಾತಿಗೆ ನಾನು ಸೋತೆ. ಸೋತದ್ದು ಮಾತ್ರವಲ್ಲ, ಬುದ್ಧಿವಂತಿಕೆಯನ್ನೂ ತೋರಿಸಿದೆ. ಕನ್ನಡದಲ್ಲಿ ಬರೆದರೆ ಅವರಿಗೇನು ತಿಳಿದೀತು ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆದೆ. ತಿಳಿದೋ ತಿಳಿಯದೆಯೋ ಎನ್ನುವುದಕ್ಕೆ ಒಳ್ಳೆಯ ಇಂಗ್ಲಿಷ್ ಹುಡುಕಿ ನಾನೇ ಮೆಚ್ಚಿಕೊಂಡೆ. ಅವರಿಂದ ಸಹಿ ಹಾಕಿಸಿ, ಸ್ಕೂಲಿಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಕ್ಕೆ ಹಾಕಿದೆ. ವಕೀಲರ ಬೆರಳು ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಒಂದು ಹಬ್ಬದ ಕಾರ್ಡು ತಾನೇ ಅಂದುಕೊಂಡೆ.

ತಿಂಗಳೊಳಗೆ ನಮ್ಮ ವಕೀಲರಿಗೆ ಕಂಪನಿಯ ಉತ್ತರ ಬಂತು, ಆ ಕಾರ್ಡಿನ ಫೋಟೋಸ್ಟಾಟ್ ಪ್ರತಿಯ ಜೊತೆಗೆ. ನಿಮ್ಮ ಕಕ್ಷಿದಾರರೇ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿರುವುದರಿಂದ ಇನ್ನು ವಾದವೇ ಉಳಿದಿಲ್ಲ ಎಂದು ಬರೆದಿದ್ದರು. ವ್ರತ ಹಿಡಿದವಳ ಮುಗಿದ ಕೈಗೇ ಬೇಡಿ ತೊಡಿಸಿದ್ದರು, ನೀಚರು. ಬೇರೆ ಪದ ನನಗೆ ಸಿಗುವುದಿಲ್ಲ, ಹುಡುಕುವುದೂ ಇಲ್ಲ. ವಕೀಲರು ತಲೆಯ ಮೇಲೆ ಕೈಯಿಟ್ಟು ಕೂತರು. ಇದನ್ನು ಬರೆದುಕೊಟ್ಟವರು ಯಾರು ಎಂದು ಗುಡುಗಿದರು. ನಾನು ನೆಲ ನೋಡುತ್ತಿದ್ದೆ. ಚೆಂಡಿನಮ್ಮ ನನ್ನ ಕಡೆ ತಿರುಗಲೂ ಇಲ್ಲ.

"ಬರೆಸಿದ್ದು ನಾನು ಸ್ವಾಮಿ. ತಪ್ಪಿದ್ರೆ ನಂದು."

ವಕೀಲರು ತಣ್ಣಗಾದರು. ಇನ್ನೂ ಕಾಲ ಮಿಂಚಿಲ್ಲ ಎಂದರು. ಇದು ನಮ್ಮ ಹಬ್ಬದ ಪದ್ಧತಿ, ಬರೀ ಶಾಸ್ತ್ರಕ್ಕೆ ಬರೆದದ್ದು, ಇದಕ್ಕೆ ಬೇರೆ ಅರ್ಥವಿಲ್ಲ ಎಂದು ಒಂದು ಹೇಳಿಕೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕಾಗದವನ್ನು ಮುಂದಿಟ್ಟರು. ಚೆಂಡಿನಮ್ಮ ಪೆನ್ನು ಮುಟ್ಟಲಿಲ್ಲ.

"ಶಾಸ್ತ್ರಕ್ಕೆ ಬರೆದದ್ದಲ್ಲ ಸ್ವಾಮಿ ಅದು, ಮನಸ್ಸಿಟ್ಟೇ ಬರೆಸಿದ್ದು. ಒಂದ್ಸಲ ಕ್ಷಮೆ ಕೇಳಿ, ಆಮೇಲೆ ಕೇಳೇ ಇಲ್ಲ ಅನ್ನೋಕಾಯ್ತದಾ? ಹೆಸರೇ ತಾನೇ, ಹೋಗ್ಲಿ ಬಿಡಿ."

ಹೆಸರೇ ತಾನೇ! ಆ ಹೆಸರು ಅವರ ಯಜಮಾನರ ಕೊರಳಿನಿಂದ ಬಂದದ್ದು. ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ. ಮನೆಗೆ ಬಂದು, ಮಾಡಿಟ್ಟಿದ್ದ ಡಬ್ಬಿಗಳ ಮೇಲಿನ ಚೀಟಿಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ನೆನೆಸಿ ಬಿಡಿಸಿದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅವರಿಗೆ ಕೋಪವೇ ಬರಲಿಲ್ಲ, ನನ್ನ ದವಡೆ ಮಾತ್ರ ನೋಯುತ್ತಿತ್ತು.

ಆಮೇಲಿನದು ಹೇಳಲು ಹೆಚ್ಚೇನೂ ಇಲ್ಲ. ಹೆಸರಿಲ್ಲದ ಡಬ್ಬಿಯನ್ನು ಗಿರಾಕಿಗಳು ಕೇಳುವುದಿಲ್ಲವೆಂದು ಬೇಲೂರಿನ ಅಂಗಡಿಯವರು ವಾಪಸು ಕಳಿಸಿದರು. ಬೇಸಿಗೆಯ ಟೂರ್ನಮೆಂಟಿಗೆ ಆ ಕಂಪನಿ ಚೆಂಡುಗಳನ್ನು ಬಿಟ್ಟಿಯಾಗಿ ಕೊಟ್ಟಿತು. ನಮ್ಮ ಕ್ಲಬ್ಬಿನವರೂ ಎದೆ ತಟ್ಟಿಕೊಂಡು ಬರೆದುಕೊಟ್ಟ ಅದೇ ಅಂಪೈರುಗಳೂ ಹಲ್ಲು ಕಿರಿದು ಇಸಿದುಕೊಂಡರು. ಕೊನೆಯ ದಿನ ಅಂಪೈರು 'ಗೇಮ್ ಬಾಲ್' ಎಂದು ಕೂಗಿದ್ದು ನಮ್ಮ ವಠಾರಕ್ಕೂ ಕೇಳಿಸಿತು. ಚೆಂಡಿನಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಒಂದು ಗಳಿಗೆ ಕೈ ನಿಂತಿತು, ಅಷ್ಟೇ.

ಮುಂದಿನ ಕ್ಷಮಾವಣಿಗೆ ಮತ್ತೆ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಕಾರ್ಡುಗಳು, ಅದರಲ್ಲಿ ಕಂಪನಿಗೂ ಒಂದು. ನಾನು ಬರೆಯುವುದಿಲ್ಲ ಎಂದು ಮುಖ ತಿರುಗಿಸಿದೆ. ಅವರು ಒತ್ತಾಯ ಮಾಡಲಿಲ್ಲ. ಬರುವಷ್ಟು ಕನ್ನಡದಲ್ಲಿ ತಾವೇ ಬರೆದುಕೊಂಡರೆಂದು ಆಮೇಲೆ ಗೊತ್ತಾಯಿತು. ಹೊರಡುವ ಮುಂಚೆ ಹೊಸ್ತಿಲಾಚೆ ನಿಂತು, ನನಗೂ ಕೈ ಮುಗಿದರು. ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಟೀಚರಮ್ಮ ಅಂದರು. ನಿಮ್ಮದೇನಿದೆ ತಪ್ಪು, ಹೋಗಿ ಅಮ್ಮ ಎಂದು ಸಿಡುಕಿದೆ. ತಿರುಗಿ ನಾನೂ ಕೇಳಬೇಕಿತ್ತು, ಅದು ಪದ್ಧತಿ. ಅವರು ಒಂದು ಕ್ಷಣ ಕಾದರೋ ಏನೋ... ಆ ವರ್ಷವೇ ಜಗುಲಿ ಖಾಲಿ ಮಾಡಿ ಹುಲಿಕೆರೆಗೆ, ತಮ್ಮನ ಮನೆಗೆ ಹೋದರು. ನನಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಎಷ್ಟೋ ತಿಂಗಳ ಮೇಲೆ ಬಸ್ಸಿನಲ್ಲಿ ಯಾರೋ ಹೇಳಿ ತಿಳಿಯಿತು.

ಪೋಸ್ಟರಿನವರು ಗೋಡೆಗೆ ಅಂಟು ಬಳಿದು ಮುಂದಿನ ಬೀದಿಗೆ ಹೋದರು. ಮನೆಗೆ ಬಂದು ತರಕಾರಿ ಸುರಿದುಕೊಂಡು ಕೂತಾಗಲೂ ಆ ಕಂಪನಿಯನ್ನು ಮನಸಾರೆ ಬೈಯುತ್ತಲೇ ಇದ್ದೆ. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಬೈದು ಬೈದು ಬಾಯಿ ಸೋತ ಮೇಲೆ ಪ್ರತಿ ಸಲವೂ ಬಂದು ನಿಲ್ಲುವುದು ಒಂದೇ ಕಡೆ. ಆ ಕಾರ್ಡು ಬರೆದ ಕೈ ನನ್ನದು. ವಕೀಲರ ಮುಂದೆ ಬಾಯಿ ಬಿಡದೆ ಕೂತವಳು ನಾನು. ಕ್ಷಮೆ ಕೇಳಬೇಕಾದ ನನ್ನ ಬಾಗಿಲಿಗೆ ಅವರೇ ಬಂದು ಕೇಳಿ ಹೋದರು. ಈಗ ನಾನು ಕೇಳಬೇಕೆಂದರೆ, ಕಾರ್ಡು ಹಾಕಲು ವಿಳಾಸವಿಲ್ಲ.