ಗಣಿತಕ್ಕೊಂದು ಅವಕಾಶ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟಿನಲ್ಲಿ ಪಾತ್ರೆ ಕುಕ್ಕಿದ್ದಿದೆ, ನೆಂಟರ ಜೊತೆ ಮಾತು ಬಿಟ್ಟಿದ್ದಿದೆ. ಮಗಳ ಗಣಿತವನ್ನು ಕಳೆದದ್ದು ಮಾತ್ರ ಒಂದೇ ಸಲ.

ಅವಳು ಹತ್ತನೆಯ ತರಗತಿ ಮುಗಿಸಿದ್ದಳು. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಬನಾರಸಿಗೆ ಬಂದವಳು. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುವುದು ನಮ್ಮ ಮನೆಯವರ ಕೆಲಸ. ಮಗಳು ಇಲ್ಲೇ ಹುಟ್ಟಿದವಳು. ನಿನ್ನ ಊರು ಯಾವುದೆಂದು ಯಾರಾದರೂ ಕೇಳಿದರೆ ‘ಯಹೀಂ ಕೀ ಹೂಂ’, ಇಲ್ಲಿಯವಳೇ, ಎಂದು ಮುಗಿಸಿಬಿಡುತ್ತಿದ್ದಳು.

ಹನ್ನೊಂದಕ್ಕೆ ವಿಷಯ ಆರಿಸಬೇಕಿತ್ತು. ಗಣಿತ ಬೇಕೋ, ಜೀವವಿಜ್ಞಾನ ಬೇಕೋ ಎಂದು ಶಾಲೆಯವರು ಕೇಳಿದರೆ ಇವಳು ಎರಡೂ ಬೇಕೆಂದಳು. ಎರಡನ್ನೂ ಓದುವವರಿಗೆ ಕೆಲವೇ ಜಾಗ. ಗಣಿತದ ಪಾಠ ಬೆಳಿಗ್ಗೆ ಏಳಕ್ಕೆ, ಉಳಿದವರು ಬರುವ ಮೊದಲೇ. ಹನ್ನೊಂದರಲ್ಲಿ ಬಿಟ್ಟ ಗಣಿತ ಹನ್ನೆರಡರಲ್ಲಿ ಮತ್ತೆ ಸಿಗುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಬುದ್ಧಿ ಹೇಳದವರೇ ಇಲ್ಲ. ಅವಳು ಮಾತ್ರ, “ಒಂದು ಬಾಗಲಾ ಈಗಿಂದೀಗ ಯಾಕ ಹಾಕ್ಕೊಳ್ಳಲಿ?” ಎಂದಳು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ವಾರದ ವೇಳಾಪಟ್ಟಿ ಬರೆದು, ಗಣಿತಕ್ಕೆ ಹಸಿರು ಶಾಯಿ, ಜೀವವಿಜ್ಞಾನಕ್ಕೆ ಕೆಂಪು ಶಾಯಿ ಹಾಕಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ದಿನಾ ಸೀರೆ ತೆಗೆಯುವಾಗ ನಾನೂ ಅದನ್ನು ಓದುತ್ತಿದ್ದೆ.

ಎರಡೂ ಬೇಕೆನ್ನುವವರು ಫಾರ್ಮಿನ ಜೊತೆ ಪಾಲಕರ ಅರ್ಜಿ ಕೊಡಬೇಕಿತ್ತು. ನಮ್ಮ ಮನೆಯವರು ಯಾತ್ರಿಕರನ್ನು ಕರೆದುಕೊಂಡು ಗಯೆಗೆ ಹೋಗಿದ್ದರು.

“ಅವ್ವಾ, ನಾ ಬರೀತೀನಿ, ನೀ ಸಹಿ ಹಾಕು ಸಾಕು,” ಎಂದಳು ಮಗಳು.

“ಪಾಲಕರು ಅಂದ್ರ ಯಾರು? ನೀನೋ, ನಾನೋ? ಸಣ್ಣಾಕಿದ್ದಾಗ ಹಿಂದಿ ಪರೀಕ್ಷಾ ಪಾಸ್ ಮಾಡೀನಿ ನಾನು.”

“ಆಯ್ತು, ಬರಿ. ಆದ್ರ ನಾಳೆ ಸಾಲ್ಯಾಗ ಕನ್ನಡ ಮಾತಾಡಬ್ಯಾಡ. ಎಲ್ಲಾರೂ ಹೊಳ್ಳಿ ನೋಡ್ತಾರ.”

ಅಷ್ಟು ಸಾಕಾಯಿತು ನನಗೆ. ಉರಿದುಹೋದೆ. ಅರ್ಜಿ ಬರೆದವಳು ಅವಳಿಗೆ ತೋರಿಸಲೇ ಇಲ್ಲ. ಬಾಯಲ್ಲಾದರೆ ಒಂದು ‘ಮೌಕಾ’ ಕೊಡಿ ಎನ್ನುತ್ತೇನೆ, ತರಕಾರಿಯವನ ಜೊತೆ ದಿನಾ ಆಡುವ ಮಾತು. ಪ್ರಿನ್ಸಿಪಾಲರಿಗೆ ಬರೆಯುವ ಅರ್ಜಿಗೆ ಅಂಥ ಹಗುರ ಶಬ್ದವೇ? ತೂಕದ ಶಬ್ದವೊಂದನ್ನು ಹಾಕಿ, ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಲಕೋಟೆ ಅಂಟಿಸಿ ಕೊಟ್ಟೆ.

ಮರುದಿನ ಸಿಟ್ಟಿನಲ್ಲಿ ಅವಳೊಬ್ಬಳನ್ನೇ ಶಾಲೆಗೆ ಕಳಿಸಿದೆ. ಅದರ ಮಾರನೆಯ ಬೆಳಿಗ್ಗೆ ಪಟ್ಟಿ ಹಾಕಿದರು. ಮಗಳು ಬೇಗನೆ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಕಪಾಟಿನ ಮುಂದೆ ನಿಂತು ಹಸಿರು ಅಕ್ಷರಗಳ ಮೇಲೆಲ್ಲ ಪೆನ್ನಿನಿಂದ ಗೀಟು ಎಳೆಯತೊಡಗಿದಳು. ಎರಡೂ ವಿಷಯದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳಿಗಿಂತ ಕಡಿಮೆ ಅಂಕದವರ ಹೆಸರುಗಳಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ‘ಘರ್ ಪೇ ಪೂಛೋ’ ಎಂದರಂತೆ.

“ಮನ್ಯಾಗ ಕೇಳು ಅಂದ್ರ ಏನು? ನೀ ಏನು ಬರದಿ, ಅವ್ವಾ?”

“ಏನು ಬರೀಬೇಕಿತ್ತೋ ಅದನ್ನs ಬರದೀನಿ.”

ಪಟ್ಟಿ ತಿದ್ದಲು ಮಧ್ಯಾಹ್ನದವರೆಗೆ ಸಮಯವಿತ್ತು. ಇಬ್ಬರೂ ಸೈಕಲ್ ರಿಕ್ಷಾ ಹತ್ತಿದೆವು. ಗೊದೌಲಿಯಾ ಚೌಕದ ಜನಜಂಗುಳಿಯಲ್ಲಿ ರಿಕ್ಷಾ ಅಲ್ಲಾಡದೆ ನಿಂತಾಗ ಅವಳು ಇಳಿದು ನಡೆದೇಬಿಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಓಡಿದೆ. ಅವಳ ಬೆನ್ನು ಜನರೊಳಗೆ ಕಾಣದಾದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ವೈಸ್ ಪ್ರಿನ್ಸಿಪಾಲ್ ಕನ್ನಡಕದ ಮೇಲಿಂದ ನೋಡಿದರು. ಮಾತೆಲ್ಲ ಹಿಂದಿಯಲ್ಲೇ ನಡೆಯಿತು.

“ನೀವೇ ಅವಕಾಶ ಕೇಳಿದ್ದಿರಲ್ಲ?”

“ಹೌದು, ಕೇಳಿದ್ದೆ.”

“ಕೊಟ್ಟಿದ್ದೇವೆ.”

“ಎಲ್ಲಿ ಕೊಟ್ಟಿದ್ದೀರಿ? ಪಟ್ಟಿಯಲ್ಲಿ ಹೆಸರೇ ಇಲ್ಲ.”

“ಅವಕಾಶ ಕೊಟ್ಟ ಮೇಲೆ ಹೆಸರು ಹೇಗಿರುತ್ತದೆ?”

ನನ್ನ ಸಿಟ್ಟು ನೆತ್ತಿಗೇರಿತು. ಇದೆಂಥ ಶಾಲೆ ಎಂದು ದನಿ ಎತ್ತಿದೆ. ಹೊರಗೆ ಸಾಲಿನಲ್ಲಿದ್ದವರು ಬಾಗಿಲಲ್ಲಿ ಇಣುಕಿದರು. ವೈಸ್ ಪ್ರಿನ್ಸಿಪಾಲ್ ನನ್ನ ಅರ್ಜಿಯನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಮಗಳು ಬಗ್ಗಿ ಓದಿದಳು. ‘ಮೇರೀ ಪುತ್ರೀ ಕೋ ಗಣಿತ್ ಮೇಂ ಅವಕಾಶ್ ದೇನೇ ಕೀ ಕೃಪಾ ಕರೇಂ.’ ನನ್ನ ಪುತ್ರಿಗೆ ಗಣಿತದಲ್ಲಿ ಅವಕಾಶ ಕೊಡುವ ಕೃಪೆ ಮಾಡಿ. ಅದರಲ್ಲಿ ತಪ್ಪೇನಿದೆ ಎಂದು ನಾನು ಅವಳ ಮುಖ ನೋಡಿದೆ. ಅದು ಕೆಂಪಾಗಿತ್ತು.

“ಅವ್ವಾ,” ಎಂದಳು ಮೆಲ್ಲಗೆ, “ಹಿಂದ್ಯಾಗ ಅವಕಾಶ ಅಂದ್ರ ರಜಾ.”

ಗಣಿತಕ್ಕೆ ರಜೆ ಕೊಡಿ ಎಂದು ನಾನೇ ಅರಿಶಿನ ಹಚ್ಚಿ ಬೇಡಿಕೊಂಡಿದ್ದೆ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದರೆ ಪರವಾಗಿರಲಿಲ್ಲ, ಎಳೆದದ್ದು ಮಗಳ ತಲೆಯ ಮೇಲೆ. ಇನ್ನು ಇವಳು ಎಲ್ಲರೆದುರು ನನಗೆ ಛೀ ಎನ್ನುತ್ತಾಳೆ, ಎನ್ನಲಿ, ಅಂದುಕೊಂಡು ತಲೆ ತಗ್ಗಿಸಿದೆ.

“ಮ್ಯಾಮ್,” ಎಂದಳು ಅವಳು, “ಹಮಾರೀ ಭಾಷಾ ಮೇಂ ಅವಕಾಶ್ ಕಾ ಮತಲಬ್ ಮೌಕಾ ಹೋತಾ ಹೈ.”

ನಮ್ಮ ಭಾಷೆಯಲ್ಲಿ ಅವಕಾಶ ಅಂದರೆ ಮೌಕಾ, ರಜೆಯಲ್ಲ. ನಮ್ಮ ಭಾಷೆಯಲ್ಲಿ ಎಂದಳು. ಅವಳ ಬಾಯಿಂದ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ವೈಸ್ ಪ್ರಿನ್ಸಿಪಾಲ್ ಅರ್ಜಿಯನ್ನು ಮತ್ತೊಮ್ಮೆ ಓದಿದರು. ನಗಲಿಲ್ಲ. ಜಾಗ ತುಂಬಿದೆ ಎಂದರು. ಗಡಿಯಾರ ನೋಡಿದರು. ಕೊನೆಗೆ, ನಾಳೆಯಿಂದ ಏಳಕ್ಕೆ ಬಂದು ಕೂತುಕೊಳ್ಳಲಿ, ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ಹೆಸರು ಸೇರಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಬಿಳಿ ಹಾಳೆಯೊಂದನ್ನು ನಮ್ಮ ಕಡೆ ಸರಿಸಿದರು.

ಈ ಸಲ ಮಗಳೇ ಬರೆದಳು. ನಾನು ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಎರಡೆರಡು ಬಾರಿ ಓದಿದೆ. ‘ಮೌಕಾ’ ಎಂದಿದ್ದಲ್ಲಿ ಬೆರಳು ನಿಂತಿತು. ಶಾಲೆಯಲ್ಲಿದ್ದೇವೆ ಎಂಬುದನ್ನೂ ಮರೆತು ಕನ್ನಡದಲ್ಲೇ ಕೇಳಿದೆ.

“ಇದಕ್ಕ ಬ್ಯಾರೆ ಅರ್ಥ ಏನೂ ಇಲ್ಲ ಹೌದಲ್ಲೋ?”

ಬಾಗಿಲಲ್ಲಿದ್ದವರೆಲ್ಲ ಹೊರಳಿ ನೋಡಿದರು. ಮಗಳು ಅವರ ಕಡೆ ತಿರುಗಲೂ ಇಲ್ಲ. ಪೆನ್ನನ್ನು ನನ್ನ ಕೈಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಇಲ್ಲವ್ವಾ. ಇದಕ್ಕ ಒಂದs ಅರ್ಥ. ಸಹಿ ಮಾಡು.”

ನಾನು ಕನ್ನಡದಲ್ಲಿ ಸಹಿ ಮಾಡಿದೆ.