ಗುಡ್ಡದ ವಸ್ತಿಯಲ್ಲಿ ಮಿಸ್ರಿ ಹುರಿಯದ ನಾಲ್ಕು ತಿಂಗಳು

ನಿಪ್ಪಾಣಿಯ ಕಡೆ ಗುಡ್ಡವಿದೆ ಎಂದರೆ ಹೊರಗಿನವರು ನಗುತ್ತಾರೆ. ಕೆಳಗೆ ಕಬ್ಬು, ತಂಬಾಕು, ಡಾಂಬರು ರಸ್ತೆ, ಕೂಗಳತೆಯಲ್ಲಿ ಎರಡು ದವಾಖಾನೆ. ಅದೇ ಗುಡ್ಡದ ನೆತ್ತಿಯಲ್ಲಿ ಕುರಿ ಕಾಯುವವರ ಏಳು ಮನೆಗಳ ವಸ್ತಿಯೊಂದಿದೆ. ಅಂಬುಲೆನ್ಸ್ ಬುಡಕ್ಕೆ ಬಂದು ನಿಂತುಬಿಡುತ್ತದೆ, ಅಲ್ಲಿಂದ ಮುಂದೆ ಕಾಲ್ನಡಿಗೆ. ಐದು ವರ್ಷ ಖಾಲಿ ಬಿದ್ದಿದ್ದ ನರ್ಸ್ ಹುದ್ದೆಗೆ ಬಂದ ಹೊಸತರಲ್ಲಿ, ತೂಕದ ಯಂತ್ರವನ್ನು ಹೆಗಲಿಗೇರಿಸಿ ಹತ್ತುತ್ತ, ಇದಕ್ಕೆಲ್ಲ ಯಾರನ್ನು ಬೈಯಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಬೈಯಲು ಸಿಕ್ಕವಳು ಇಪ್ಪತ್ತೆರಡರ ಹುಡುಗಿ, ನಾಲ್ಕು ತಿಂಗಳ ಬಸುರಿ. ಹಿಂದಿನ ಎರಡು ಕೂಸುಗಳು ತೀರ ಸಣ್ಣವಾಗಿ ಹುಟ್ಟಿ, ವಾರ ತುಂಬುವ ಮೊದಲೇ ಹೋಗಿದ್ದವು. ಅವಳ ಒಸಡು ಕಪ್ಪಗಿತ್ತು. ಮಿಸ್ರಿ! ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಚಹಾ ಕುಡಿದಷ್ಟೇ ಸಹಜ. ತಿಕ್ಕಿದರೆ ಮಧ್ಯಾಹ್ನದ ಹಸಿವು ಗೊತ್ತಾಗುವುದಿಲ್ಲ. ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಬಂದಿದ್ದ ನಾನು, “ಈ ಕೂಸೂ ಬ್ಯಾಡೇನ ನಿನಗ?” ಎಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚುತ್ತೇನೆ.

“ಬಿಡ್ತೀನ್ರಿ ಅಕ್ಕಾರ” ಎಂದಳು. ಮುಂದಿನ ತಿಂಗಳು ಒಸಡು ತಿಳಿಯಾಗಿತ್ತು. ಆದರೆ ತೂಕ ಏರಿರಲಿಲ್ಲ, ತಲೆಸುತ್ತು ನಿಂತಿರಲಿಲ್ಲ. ಕದ್ದು ತಿಕ್ಕುತ್ತಿದ್ದಾಳೆ ಎಂದುಕೊಂಡೆ. ಹಿಡಿಯಲೇಬೇಕೆಂದು ನಾಲ್ಕು ದಿನ ಬಿಟ್ಟು ಒಂದು ಮುಂಜಾನೆ ಹೇಳದೆ ಕೇಳದೆ ಹತ್ತಿದೆ.

ಅವಳ ಅತ್ತೆ ಒಲೆಯ ಮುಂದೆ ಮಿಸ್ರಿ ಹುರಿಯುತ್ತಿದ್ದಳು. ಕಿಟಕಿಯಿಲ್ಲದ ಒಂದೇ ಕೋಣೆ, ಕಣ್ಣು ಉರಿಸುವ ಹೊಗೆ. ಸೊಸೆ ಮೂಗಿಗೆ ಸೆರಗು ಕಟ್ಟಿಕೊಂಡು ಪಕ್ಕದಲ್ಲೇ ಹಿಟ್ಟು ನಾದುತ್ತಿದ್ದಳು. ಹುರಿದು ಮುಗಿದ ಮೇಲೆ ಮುದುಕಿ ಅದೇ ಹಂಚನ್ನು ಅರಿವೆಯಿಂದ ಒರೆಸಿ ರೊಟ್ಟಿ ಹಾಕಿದಳು. ಕಾದ ಹಂಚನ್ನು ಆರಲು ಬಿಟ್ಟರೆ ಸೌದೆ ದಂಡ, ಆ ಸೌದೆಯನ್ನೂ ಹೊತ್ತೇ ತರಬೇಕು. ಹುಡುಗಿ ಸುಳ್ಳು ಹೇಳಿರಲಿಲ್ಲ.

ಮುದುಕಿಯ ಪಕ್ಕ ಕುಳಿತು, ಈ ಸಲ ಬೈಯದೆ, ಆ ಹೊಗೆ ಬಸುರಿಯ ಒಳಗೆ ಕೂಸಿನವರೆಗೂ ಹೋಗುತ್ತದೆ ಎಂದು ಹೇಳಿದೆ. ಐವತ್ತು ವರ್ಷದಿಂದ ತಿಕ್ಕುತ್ತ ಬಂದವಳು ಅವಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು, ಅಷ್ಟೇ. ನನ್ನ ಮಾತು ದಂಡವಾಯಿತೆಂದು ಇಳಿದು ಬಂದೆ.

ಮುಂದಿನ ಸೋಮವಾರ ಮತ್ತೆ ಹತ್ತಿದಾಗ ವಸ್ತಿಯಲ್ಲಿ ಆ ವಾಸನೆಯೇ ಇರಲಿಲ್ಲ. ಅವಳ ಮನೆಯಲ್ಲಷ್ಟೇ ಅಲ್ಲ, ಏಳು ಮನೆಯಲ್ಲೂ. ಹೆಂಗಸರೆಲ್ಲ ಬರಿಗಾಲಲ್ಲಿ ಓಡಾಡುತ್ತಿದ್ದರು. ನವರಾತ್ರಿಗೆ ಮಣ್ಣಿನಲ್ಲಿ ಕಾಳು ಬಿತ್ತಿ ಘಟ ಕೂಡ್ರಿಸಿದಾಗ ಅವರು ಒಂಬತ್ತು ದಿನ ಚಪ್ಪಲಿ ಮೆಟ್ಟುವುದಿಲ್ಲ, ಚಟದ ಪದಾರ್ಥ ಮುಟ್ಟುವುದಿಲ್ಲ. ಆದರೆ ನವರಾತ್ರಿ ಇನ್ನೂ ಬಹಳ ದೂರವಿತ್ತು.

“ಅತ್ತಿ ಹೇಳ್ಯಾಳ್ರಿ, ನನ್ನ ಹೊಟ್ಟ್ಯಾಗ ಘಟ ಕುಂತೈತಂತ. ನಾ ಹಡಿಯೂತನಕ ಯಾರೂ ಮಿಸ್ರಿ ಹುರಿಯೂ ಹಂಗಿಲ್ಲಂತ” ಎಂದಳು ಸೊಸೆ.

ಅತ್ತೆ ಒಳಗೆ ಮಲಗಿದ್ದಳು. ಒಸಡು ಬಾತಿತ್ತು, ಚಟ ಬಿಟ್ಟ ಬಾಧೆಗೆ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. ಒಂಬತ್ತು ದಿನವಲ್ಲ, ನಾಲ್ಕು ತಿಂಗಳು ನಡೆಸಿದಳು ಆ ವ್ರತವನ್ನು. ಏಳು ಮನೆಯವರೂ ಅವಳ ಜೊತೆ ನಡೆಸಿದರು. ತಂಬಾಕಿನ ಕೆಡುಕು ತೋರಿಸಲು ನಮಗೆ ಕೊಟ್ಟಿದ್ದ ಬಣ್ಣದ ಚಿತ್ರಪಟ ನನ್ನ ಚೀಲದಲ್ಲೇ ಉಳಿಯಿತು, ಅದನ್ನು ಅವರ ಮುಂದೆ ಬಿಚ್ಚಲು ನನಗೆ ಧೈರ್ಯವಾಗಲಿಲ್ಲ. ಮನುಷ್ಯರನ್ನು ಕಂಡು ಅಷ್ಟು ಬೆರಗಾದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಎರಡು ಕಿಲೋ ಏಳುನೂರು ಗ್ರಾಂ, ಗಟ್ಟಿ ದನಿ. ನಾನೇ ಎತ್ತಿಕೊಂಡು ಹೋಗಿ, ವಾರ್ಡಿನ ಹೊರಗೆ ಕುಳಿತಿದ್ದ ಅಜ್ಜಿಯ ಮಡಿಲಲ್ಲಿಟ್ಟೆ. ಅವಳು ನಗುತ್ತಾಳೆ ಎಂದು ಕಾದೆ. ಮುದುಕಿ ಕೂಸನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು: “ಹಂಗಾರ ಆ ಎರಡೂ ನನ್ನ ಹೊಗಿಯಿಂದನ ಹೋದೂ ಏನ ಯವ್ವಾ?”

ಹೊಗೆಯೊಂದೇ ಎಂದು ನಾನು ಹೇಗೆ ಹೇಳಲಿ? ಹಸಿವಿತ್ತು, ರಸ್ತೆ ಇರಲಿಲ್ಲ.

“ನಿನಗ ಇದನ್ನ ಹೇಳಾಕ ಯಾರೂ ಹತ್ತಿ ಬಂದಿರಲಿಲ್ಲ, ಆಯಿ. ತಪ್ಪು ನಮ್ಮದೈತಿ” ಎಂದೆ.

ಅವಳು ಕಣ್ಣು ಒರೆಸಿಕೊಂಡು, ಕೂಸಿನ ಕಾಲನ್ನು ಅರಿವೆಯೊಳಗೆ ಸರಿಸಿದಳು.

“ಮ್ಯಾಲ ಇನ್ನ ಇಬ್ಬರು ಬಸುರ ಅದಾರ” ಎಂದಳು. “ಸೋಮವಾರ ಬರ್ತಿ ಹೌದಿಲ್ಲೊ?”